ಬಿಸಿಲಿನಲ್ಲಿ ಓದಲಾಗದ ಪರದೆ: ಬೆಂಗಳೂರಿನ ಎಂಜಿನಿಯರುಗಳಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಆಫೀಸುಗಳಲ್ಲಿ ಮೊಬೈಲ್ ಪರದೆಗಳನ್ನೂ ಅವುಗಳ ಸಾಫ್ಟ್‌ವೇರನ್ನೂ ರೂಪಿಸುತ್ತಿರುವ ಮಿತ್ರರೇ,

ನಾನು ದಕ್ಷಿಣ ಜರ್ಮನಿಯಲ್ಲಿ, ಸ್ಟುಟ್‌ಗಾರ್ಟ್ ಹತ್ತಿರದ ಕಿರ್ಖೈಮ್ ಎಂಬ ಊರಿನಲ್ಲಿರುವ ಕನ್ನಡತಿ. ಬೇಸಿಗೆಯ ವಾರಾಂತ್ಯಗಳಲ್ಲಿ ಗ್ಲೈಡರ್ ಹಾರಿಸುತ್ತೇನೆ. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ, ಉದ್ದ ರೆಕ್ಕೆಯ ವಿಮಾನ. ಪೈಲಟ್ ಅದರಲ್ಲಿ ಅರ್ಧ ಮಲಗಿದಂತೆ ಕೂರುತ್ತಾಳೆ. ಎದೆಯ ಮಟ್ಟದಿಂದ ಮೇಲಕ್ಕೆ ಮುಂದೆ, ಪಕ್ಕ, ನೆತ್ತಿ ಎಲ್ಲ ಕಡೆಯೂ ಪಾರದರ್ಶಕ ಅಕ್ರಿಲಿಕ್ ಕ್ಯಾನೊಪಿ. ಅದರೊಳಗೆ ನೆರಳು ಎನ್ನುವ ಜಾಗವೇ ಇಲ್ಲ. ನೀವು ಮಾಡಿದ ಪರದೆಯನ್ನು ನಾನು ಓದುವುದು ಅಲ್ಲಿ. ಆ ಪರದೆಯ ಬಗ್ಗೆ ನಿಮ್ಮ ಜೊತೆ ಮಾತಾಡಬೇಕು ಎಂದು ಬಹಳ ದಿನಗಳಿಂದ ಅನಿಸುತ್ತಿತ್ತು.

ಮೊದಲು ಈ ಹಾರಾಟದ ರೀತಿ ಹೇಳಿಬಿಡುತ್ತೇನೆ. ಗ್ಲೈಡರಿಗೆ ಇಂಧನ ಅಂತ ಏನಾದರೂ ಇದ್ದರೆ ಅದು ಬಿಸಿಲು. ಹೊಲ, ಸುಣ್ಣಕಲ್ಲಿನ ಬೆಟ್ಟದ ಇಳಿಜಾರು, ಊರಿನ ಹೆಂಚು ಇವೆಲ್ಲ ಬಿಸಿಲಿಗೆ ಕಾಯುತ್ತವೆ. ಅವುಗಳ ಮೇಲಿನ ಗಾಳಿ ಬಿಸಿಯಾಗಿ ಹಗುರಾಗಿ ಮೇಲೇಳುತ್ತದೆ. ಹಾಗೆ ಏಳುವ ಗಾಳಿಗೆ ಪೈಲಟ್‌ಗಳು ಥರ್ಮಲ್ ಎನ್ನುತ್ತಾರೆ. ಅದರೊಳಗೆ ಸುತ್ತು ಹಾಕುತ್ತ ಹದ್ದಿನ ಹಾಗೆ ಎತ್ತರ ಗಳಿಸಿಕೊಳ್ಳಬೇಕು. ಗಳಿಸಿದ ಎತ್ತರವನ್ನು ಖರ್ಚು ಮಾಡುತ್ತ ಮುಂದಿನ ಥರ್ಮಲ್ ತನಕ ಜಾರಬೇಕು. ಹೀಗೆ ಒಂದೇ ದಿನದಲ್ಲಿ ನೂರಾರು ಕಿಲೋಮೀಟರ್ ಹಾರಿ, ಹೊರಟಲ್ಲಿಗೇ ಬಂದು ಇಳಿಯುವವರಿದ್ದಾರೆ. ಇಲ್ಲಿನ ಶ್ವೇಬಿಶ್ ಆಲ್ಬ್ ಬೆಟ್ಟಸಾಲಿನ ಮೇಲೆ ಮೇ ತಿಂಗಳ ಒಂದು ಒಳ್ಳೆಯ ಮಧ್ಯಾಹ್ನ, ಹತ್ತಿಯಂಥ ಬಿಳಿ ಮೋಡಗಳು ಸಾಲಾಗಿ ನಿಂತಾಗ, ಹಾನ್‌ವೈಡೆ ಎಂಬ ಹುಲ್ಲಿನ ಮೈದಾನದಿಂದ ಒಂದರ ಹಿಂದೊಂದು ಗ್ಲೈಡರ್ ಏಳುವುದನ್ನು ನೋಡಬೇಕು. ಡಿಸ್ಕಸ್ ಮುಂತಾದ ಹೆಸರಾಂತ ಗ್ಲೈಡರುಗಳನ್ನು ಮಾಡುವ ಶೆಂಪ್-ಹಿರ್ತ್ ಕಂಪನಿಯ ಕಾರ್ಖಾನೆ ಇರುವುದೂ ಇದೇ ಕಿರ್ಖೈಮ್‌ನಲ್ಲಿ.

ಇನ್ನು ವಿಷಯ. ಬಿಸಿಲು ಜೋರಾದಷ್ಟೂ ಥರ್ಮಲ್ ಬಲವಾಗುತ್ತದೆ, ಹಾರಾಟ ದೂರ ಹೋಗುತ್ತದೆ, ದಾರಿ ತೋರಿಸುವ ಪರದೆಯ ಅಗತ್ಯವೂ ಹೆಚ್ಚುತ್ತದೆ. ಅದೇ ಬಿಸಿಲಿಗೆ ಪರದೆಯ ಮೇಲಿನ ಅಕ್ಷರ ಅಳಿಸಿಹೋಗುತ್ತದೆ. ಪರದೆ ಚೆನ್ನಾಗಿ ಕಾಣುವುದು ಮೋಡ ಮುಚ್ಚಿದ ಮಂಕು ದಿನ. ಅವತ್ತು ಗ್ಲೈಡರ್ ಟ್ರೇಲರ್‌ನಲ್ಲಿ ಮಲಗಿರುತ್ತದೆ. ಅತ್ಯುತ್ತಮ ದಿನದಲ್ಲೇ ಅತಿ ಕೆಟ್ಟದಾಗಿ ಕೆಲಸ ಮಾಡುವ ಉಪಕರಣವನ್ನು ನಾವು ಮೊಣಕಾಲಿನ ಮೇಲೆ ಇಟ್ಟುಕೊಂಡು ಹಾರುತ್ತಿದ್ದೇವೆ.

ಆ ಪರದೆಯ ಮೇಲೆ ಇರುವುದಾದರೂ ಏನು? ಮುಖ್ಯವಾಗಿ ಎರಡು. ಒಂದು, ಮನೆ ಮುಟ್ಟುತ್ತೇನೆಯೇ ಎಂಬ ಲೆಕ್ಕ. ಎಲ್‌ಎಸ್4 ಎಂಬ ಗ್ಲೈಡರ್ ನಿಶ್ಚಲ ಗಾಳಿಯಲ್ಲಿ ಒಂದು ಕಿಲೋಮೀಟರ್ ಎತ್ತರದಿಂದ ಸುಮಾರು 40 ಕಿಲೋಮೀಟರ್ ಜಾರಬಲ್ಲದು. ಎದುರುಗಾಳಿ ಇದ್ದರೆ, ದಾರಿಯಲ್ಲಿ ಗಾಳಿ ಕೆಳಗಿಳಿಯುತ್ತಿದ್ದರೆ ಅದು ಬಹಳ ತಗ್ಗುತ್ತದೆ. ಉಪಕರಣ ಗಾಳಿಯ ವೇಗ ಮತ್ತು ದಿಕ್ಕನ್ನು ಲೆಕ್ಕ ಹಾಕಿ, ನಿಲ್ದಾಣ ತಲುಪುವಾಗ ಎಷ್ಟು ಮೀಟರ್ ಎತ್ತರ ಉಳಿದಿರುತ್ತದೆ ಎಂದು ಒಂದು ಸಂಖ್ಯೆ ಕೊಡುತ್ತದೆ. ಎರಡನೆಯದು ವಾಯುಪ್ರದೇಶದ ಗಡಿ. ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣ ಹಾನ್‌ವೈಡೆಗೆ ಬಹಳ ದೂರವಿಲ್ಲ. ಪ್ರಯಾಣಿಕ ವಿಮಾನಗಳು ಏರಿ ಇಳಿಯುವ ನಿಯಂತ್ರಿತ ಪ್ರದೇಶದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ನೆಲದ ಮೇಲೆ ಆ ಗಡಿಗೆ ಬೇಲಿ ಇಲ್ಲ, ಕಲ್ಲು ನೆಟ್ಟಿಲ್ಲ. ಅದು ಇರುವುದು ನಕ್ಷೆಯಲ್ಲಿ ಮಾತ್ರ.

ಹಿಂದೆ ಆ ನಕ್ಷೆ ಕಾಗದದ್ದು. ಐದು ಲಕ್ಷಕ್ಕೆ ಒಂದರ ಪ್ರಮಾಣದ ವೈಮಾನಿಕ ನಕ್ಷೆಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ನಿಲ್ದಾಣಗಳ ಸುತ್ತ ಮಾರ್ಕರ್ ಪೆನ್ನಿನಿಂದ ವೃತ್ತಗಳು, ಇಂಥ ದೂರದಲ್ಲಿ ಇಷ್ಟು ಎತ್ತರ ಇರಲೇಬೇಕು ಎಂಬ ಗುರುತು. ಕಾಗದಕ್ಕೆ ತೊಂದರೆಗಳು ಇದ್ದವು. ಮಡಿಕೆ ಬಿಚ್ಚಿದರೆ ಕಾಕ್‌ಪಿಟ್ ತುಂಬ ಅದೇ. ಆದರೆ ಬಿಸಿಲು ಹೆಚ್ಚಿದಷ್ಟೂ ಅದು ಚೆನ್ನಾಗಿ ಕಾಣುತ್ತಿತ್ತು.

ಅದು ಯಾಕೆ ಎಂಬ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ. ಆದರೂ ಓದುಗರ ಎದುರಿಗೆ ಒಮ್ಮೆ ಬಿಡಿಸುತ್ತೇನೆ, ಏಕೆಂದರೆ ನನ್ನ ಇಡೀ ಮಾತು ನಿಂತಿರುವುದು ಈ ಲೆಕ್ಕದ ಮೇಲೆ. ನಿಮ್ಮ ಆಫೀಸಿನ ಮೇಜಿನ ಮೇಲೆ ಬೀಳುವ ಬೆಳಕು ಸುಮಾರು 500 ಲಕ್ಸ್. ಅಲ್ಲಿಟ್ಟ ಬಿಳಿ ಕಾಗದದ ಹೊಳಪು 130 ನಿಟ್ ಆಸುಪಾಸು. ಅದರ ಪಕ್ಕದಲ್ಲಿ 500 ನಿಟ್‌ನ ಫೋನ್ ಇಟ್ಟರೆ ಕಾಗದಕ್ಕಿಂತ ನಾಲ್ಕು ಪಟ್ಟು ಬೆಳಗುತ್ತದೆ. ಕ್ಯಾನೊಪಿಯ ಕೆಳಗೆ ನೇರ ಬಿಸಿಲು ಸುಮಾರು 1,00,000 ಲಕ್ಸ್. ಅಲ್ಲಿ ಅದೇ ಬಿಳಿ ಕಾಗದದ ಹೊಳಪು ಸುಮಾರು 25,000 ನಿಟ್. ಫೋನಿನದು ಅದೇ 500.

ಅಷ್ಟೇ ಆಗಿದ್ದರೆ ಕಣ್ಣು ಹೇಗೋ ಹೊಂದಿಕೊಳ್ಳುತ್ತಿತ್ತು. ನಿಜವಾದ ಕಷ್ಟ ಪ್ರತಿಫಲನದ್ದು. ಲೇಪನವಿಲ್ಲದ ಗಾಜಿನ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ನಾನು ಬಿಳಿ ಅಂಗಿ ತೊಟ್ಟು ಕೂತಿದ್ದೇನೆ ಎಂದಿಟ್ಟುಕೊಳ್ಳಿ. ಬಿಸಿಲಿಗೆ ಅಂಗಿಯೂ 25,000 ನಿಟ್ ಹೊಳೆಯುತ್ತದೆ. ಅದರ ಶೇ. 4 ಎಂದರೆ 1000 ನಿಟ್. ಅಂದರೆ ಪರದೆಯ ಮೇಲೆ ನನ್ನ ಅಂಗಿಯ ಬಿಂಬವೇ ಪರದೆಯ ಸ್ವಂತ ಬೆಳಕಿನ ಎರಡರಷ್ಟು! ಪರದೆಯ ಬಿಳಿ ಭಾಗ 500ಕ್ಕೆ 1000 ಕೂಡಿ 1500. ಕಪ್ಪು ಅಕ್ಷರ ಇರುವಲ್ಲಿ ಸೊನ್ನೆಗೆ 1000 ಕೂಡಿ 1000. ಎರಡರ ಅನುಪಾತ ಒಂದೂವರೆಗೆ ಒಂದು. ಜಾಲತಾಣಗಳ ಪಠ್ಯಕ್ಕೂ ಹಿನ್ನೆಲೆಗೂ ಕನಿಷ್ಠ ನಾಲ್ಕೂವರೆಗೆ ಒಂದರ ಅನುಪಾತ ಇರಬೇಕೆಂಬ ನಿಯಮ ನಿಮ್ಮ ವಿನ್ಯಾಸ ತಂಡದ ಗೋಡೆಯ ಮೇಲೇ ಇರಬಹುದು. ಆ ನಿಯಮವನ್ನು ಅಕ್ಷರಶಃ ಪಾಲಿಸಿದ ಆ್ಯಪ್ ಕೂಡ ಇಲ್ಲಿ ಒಂದೂವರೆಯನ್ನು ದಾಟಲಾರದು.

ಅಂಗಿ ಬದಲಾಯಿಸಿದರೆ ಏನಾಗುತ್ತದೆ ನೋಡಿ. ಕಡು ಬಣ್ಣದ ಬಟ್ಟೆ ಶೇ. 5ರಷ್ಟು ಬೆಳಕನ್ನು ಮಾತ್ರ ಹಿಂದಿರುಗಿಸುತ್ತದೆ ಎಂದುಕೊಳ್ಳಿ. ಆಗ ಅದರ ಹೊಳಪು 1600 ನಿಟ್, ಗಾಜಿನಲ್ಲಿ ಅದರ ಬಿಂಬ ಸುಮಾರು 64. ಅದೇ 500 ನಿಟ್ ಪರದೆಯ ಅನುಪಾತ ಈಗ ಒಂಬತ್ತರ ಹತ್ತಿರ ಹೋಗುತ್ತದೆ. ಒಳಪದರಗಳ ಪ್ರತಿಫಲನ, ಆಕಾಶದ ಬಿಂಬ ಎಲ್ಲ ಸೇರಿ ವಾಸ್ತವದಲ್ಲಿ ಇಷ್ಟು ಸಿಗುವುದಿಲ್ಲ ನಿಜ, ಆದರೂ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿದೆ. ಹಾಗಾಗಿ ಸುಡುಬಿಸಿಲಿನಲ್ಲಿ ಕಪ್ಪು ಅಂಗಿ ತೊಟ್ಟ ಗ್ಲೈಡರ್ ಪೈಲಟ್ ಸಿಕ್ಕರೆ ಅವರಿಗೆ ಬಟ್ಟೆಯ ತಿಳಿವಳಿಕೆ ಇಲ್ಲ ಅಂದುಕೊಳ್ಳಬೇಡಿ. ಅವರು ತಮ್ಮ ಮೈಯನ್ನೇ ನಿಮ್ಮ ಪರದೆಗೆ ನೆರಳು ಮಾಡಿ ಕೊಟ್ಟಿದ್ದಾರೆ. ನೆಲದಲ್ಲಿ ಸರದಿಗಾಗಿ ಕಾಯುವಾಗ ಮುಚ್ಚಿದ ಕ್ಯಾನೊಪಿಯ ಒಳಗೆ ಕಪ್ಪು ಅಂಗಿಯ ಸೆಕೆ ತಾಳುವುದು ಸುಲಭದ ಮಾತಲ್ಲ.

ಕೂಲಿಂಗ್ ಗ್ಲಾಸ್ ಹಾಕಿಕೊಳ್ಳಬಹುದಲ್ಲ ಎಂದು ಕೇಳುತ್ತಾರೆ. ಹಾಕಿಕೊಳ್ಳುತ್ತೇವೆ, ಹಾಕಿಕೊಳ್ಳಲೇಬೇಕು. ಆದರೆ ಅದು ಪರದೆಯನ್ನೂ ಪ್ರತಿಫಲನವನ್ನೂ ಒಂದೇ ಪ್ರಮಾಣದಲ್ಲಿ ಕತ್ತಲು ಮಾಡುತ್ತದೆ. ಅನುಪಾತ ಇದ್ದಲ್ಲೇ ಇರುತ್ತದೆ. ಪೋಲರೈಸ್ಡ್ ಕನ್ನಡಕವಂತೂ ಬೇಡವೇ ಬೇಡ. ಎಲ್‌ಸಿಡಿಯಿಂದ ಹೊರಡುವ ಬೆಳಕು ಒಂದು ದಿಕ್ಕಿನಲ್ಲಿ ಧ್ರುವೀಕರಣಗೊಂಡಿರುತ್ತದೆ. ಫೋನನ್ನು ಅಡ್ಡ ತಿರುಗಿಸಿದಾಗ ಕೆಲವು ಪರದೆಗಳು ಆ ಕನ್ನಡಕದ ಹಿಂದೆ ಪೂರ್ತಿ ಕಪ್ಪಾಗುತ್ತವೆ. ಕ್ಯಾನೊಪಿಯ ಪ್ಲಾಸ್ಟಿಕ್‌ನಲ್ಲಿರುವ ಒತ್ತಡದ ಗೆರೆಗಳು ಬಣ್ಣಬಣ್ಣದ ಪಟ್ಟಿಗಳಾಗಿ ಎದ್ದು ಕಾಣುತ್ತವೆ. ಇನ್ನೊಂದು ವಿಮಾನದ ರೆಕ್ಕೆಯ ಮೇಲೆ ಮಿಂಚುವ ಬಿಸಿಲು, ನಮಗೆ ಅದರ ಸುಳಿವು ಕೊಡುವ ಮಿಂಚು, ಮಂಕಾಗುತ್ತದೆ. ಆದ್ದರಿಂದಲೇ ಪೈಲಟ್‌ಗಳಿಗೆ ಅದು ಬೇಡ ಎನ್ನುವುದು.

ಬಿಸಿಲಿನ ಈ ಕಷ್ಟಕ್ಕೆ ನಿಮ್ಮ ಕಂಪನಿಗಳು ಕಂಡುಕೊಂಡ ಉತ್ತರ ಹೆಚ್ಚಾಗಿ ಒಂದೇ, ಹೊಳಪು ಹೆಚ್ಚಿಸುವುದು. ಫೋನಿನ ಪೆಟ್ಟಿಗೆಯ ಮೇಲೆ 1000 ನಿಟ್ ಇದ್ದದ್ದು 2000 ಆಯಿತು, ಈಗ ಅದನ್ನೂ ದಾಟಿದೆ. ಆ ಸಂಖ್ಯೆ ಸಾಮಾನ್ಯವಾಗಿ ಗರಿಷ್ಠ ಹೊಳಪಿನದು. ಅಷ್ಟು ಹೊಳಪನ್ನು ಗಂಟೆಗಟ್ಟಲೆ ಉಳಿಸಿಕೊಳ್ಳುತ್ತೇವೆ ಎಂಬ ಭರವಸೆ ಅದರಲ್ಲಿಲ್ಲ. ಹೊಳಪು ಹೆಚ್ಚಿದರೆ ಶಾಖ ಹೆಚ್ಚುತ್ತದೆ. ಮೇಲಿನಿಂದ ಸೂರ್ಯನೂ ಕಾಯಿಸುತ್ತಿರುತ್ತಾನೆ, ಒಳಗೆ ಜಿಪಿಎಸ್ ಬಿಡುವಿಲ್ಲದೆ ಓಡುತ್ತಿರುತ್ತದೆ. ಹಲವು ಫೋನುಗಳ ಕೈಪಿಡಿಯಲ್ಲಿ 0ಯಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಿ ಎಂದು ಬರೆದಿರುತ್ತದೆ. ಆ ಮಿತಿ ದಾಟುತ್ತಿದ್ದಂತೆ ಫೋನ್ ತನ್ನನ್ನು ತಾನು ಕಾಪಾಡಿಕೊಳ್ಳಲು ಪರದೆಯನ್ನು ಮಂಕು ಮಾಡುತ್ತದೆ. ಬೆಳಕು ಬೇಕೇಬೇಕಾದ ಗಳಿಗೆಯಲ್ಲೇ ಬೆಳಕು ಕಡಿಮೆಯಾಗುತ್ತದೆ. ಫೋನಿನ ತರ್ಕ ನನಗೆ ಅರ್ಥವಾಗುತ್ತದೆ. ಬ್ಯಾಟರಿ ಊದಿಕೊಳ್ಳುವುದು ಯಾರಿಗೂ ಬೇಡ, ಕಾಕ್‌ಪಿಟ್‌ನಲ್ಲಂತೂ ಬೇಡವೇ ಬೇಡ. ಆದರೆ ಮಂಕು ಮಾಡುವ ಮುನ್ನ ಒಂದು ಮಾತು ಹೇಳುವುದಿಲ್ಲ, ಅದು ಸರಿಯಲ್ಲ.

ಇನ್ನೊಂದು ದಾರಿ ಇದೆ, ಅದನ್ನು ಹೇಳಲಿಕ್ಕೇ ಈ ಪತ್ರ. ಗಾಜಿನ ಪ್ರತಿಫಲನವನ್ನು ಶೇ. 4ರಿಂದ 1ಕ್ಕೆ ಇಳಿಸಿ. ಬಿಳಿ ಅಂಗಿಯ ಬಿಂಬ 1000ದಿಂದ 250ಕ್ಕೆ ಬೀಳುತ್ತದೆ. ಅದೇ 500 ನಿಟ್ ಪರದೆಯ ಅನುಪಾತ ಒಂದೂವರೆಯಿಂದ ಮೂರಕ್ಕೆ ಏರುತ್ತದೆ. ಹೊಳಪು ಹೆಚ್ಚಿಸಿಯೇ ಈ ಮೂರನ್ನು ಸಾಧಿಸುತ್ತೇನೆ ಎಂದರೆ 2000 ನಿಟ್ ಬೇಕು. ಒಂದು ದಾರಿಯಲ್ಲಿ ಬ್ಯಾಟರಿಗೆ ಒಂದು ಹನಿಯೂ ಹೆಚ್ಚು ಖರ್ಚಿಲ್ಲ, ಒಂದು ಡಿಗ್ರಿಯೂ ಶಾಖ ಏರುವುದಿಲ್ಲ. ಇನ್ನೊಂದರಲ್ಲಿ ನಾಲ್ಕು ಪಟ್ಟು ಬೆಳಕು ಸುರಿಯಬೇಕು, ಸುರಿದದ್ದು ಶಾಖವಾಗಿ ಮತ್ತೆ ಪರದೆಯನ್ನೇ ಮಂಕು ಮಾಡುತ್ತದೆ. ಇದು ಕನಸಿನ ಮಾತಲ್ಲ. ಕಾರ್ನಿಂಗ್ ಕಂಪನಿಯ ಗೊರಿಲ್ಲಾ ಆರ್ಮರ್ ಎಂಬ ಗಾಜು 2024ರಲ್ಲಿ ಬಂತು. ಪ್ರತಿಫಲನವನ್ನು ಶೇ. 75ರವರೆಗೆ ತಗ್ಗಿಸುತ್ತದೆ ಎಂದು ಕಂಪನಿ ಹೇಳಿತು, ನಾನು ಮೇಲೆ ಹಾಕಿದ ಲೆಕ್ಕವೂ ಅದೇ. ಆದರೆ ಅದು ಬಂದದ್ದು ಲಕ್ಷ ರೂಪಾಯಿ ದಾಟುವ ಫೋನಿನಲ್ಲಿ.

ನಾವು ಒಂದು ಕಾಲದಲ್ಲಿ ಸರಿದಾರಿಯಲ್ಲೇ ಇದ್ದೆವು ಎಂಬುದು ನನ್ನನ್ನು ಕಾಡುತ್ತದೆ. 2000ದಲ್ಲಿ ಬಂದ ಕಾಂಪ್ಯಾಕ್ ಐಪ್ಯಾಕ್ ಎಂಬ ಅಂಗೈ ಕಂಪ್ಯೂಟರಿನ ಪರದೆ ಹೊರಗಿನ ಬೆಳಕನ್ನೇ ಹಿಂದಿರುಗಿಸಿ ಚಿತ್ರ ತೋರಿಸುವ ಜಾತಿಯದು. ಆ ಕಾಲದ ಗ್ಲೈಡರ್ ಪೈಲಟ್‌ಗಳು ಅದನ್ನು ಪ್ರೀತಿಯಿಂದ ಕಾಕ್‌ಪಿಟ್‌ಗೆ ತಂದರು. ಬಣ್ಣ ಕಡಿಮೆ, ಬ್ಯಾಟರಿಯ ತಾಕತ್ತೂ ಕಡಿಮೆ. ಆದರೆ ಬಿಸಿಲು ಬಿದ್ದರೆ ಕಾಗದದಂತೆ ಬೆಳಗುತ್ತಿತ್ತು. ಆಮೇಲೆ ಸಿನಿಮಾ ನೋಡಲು, ಫೋಟೊ ನೋಡಲು ಪರದೆ ಮಾಡತೊಡಗಿದೆವು. ಆ ಜಾತಿಯ ಪರದೆ ಅಂಗಡಿಯಿಂದ ಮಾಯವಾಯಿತು. ಈಗಲೂ ಕೆಲವರು ಪುಸ್ತಕ ಓದುವ ಕೋಬೊ ಎಂಬ ಇ-ರೀಡರ್‌ಗೆ ಎಕ್ಸ್‌ಸಿಸೋರ್ ಎಂಬ ಮುಕ್ತ ಸಾಫ್ಟ್‌ವೇರ್ ತುಂಬಿ, ಹೊರಗಿನಿಂದ ಒಂದು ಜಿಪಿಎಸ್ ಜೋಡಿಸಿ ಹಾರುತ್ತಾರೆ. ಕಪ್ಪು ಬಿಳುಪು, ನಿಧಾನ. ಗಾಳಿಯಲ್ಲಿ ತಿರುಗುವಾಗ ನಕ್ಷೆ ತುಸು ತಡವಾಗಿ ತಿರುಗುತ್ತದೆ. ಆದರೂ ನಡು ಮಧ್ಯಾಹ್ನ ಓದಬಹುದು. ಪುಸ್ತಕ ಓದಲು ಮಾಡಿದ ಯಂತ್ರವನ್ನು ಹೀಗೆ ಕಾಕ್‌ಪಿಟ್‌ಗೆ ಒಗ್ಗಿಸಿಕೊಂಡವರ ಬುದ್ಧಿವಂತಿಕೆಗೆ ನಾನು ತಲೆಬಾಗುತ್ತೇನೆ. ಗ್ಲೈಡರಿಗೆಂದೇ ಮಾಡಿದ, ಬಿಸಿಲಿಗೆ ತಾಳುವ ಉಪಕರಣಗಳೂ ಇವೆ. ಅವುಗಳ ಬೆಲೆ ವಿದ್ಯಾರ್ಥಿ ಪೈಲಟ್‌ಗಳಿಗೆ ಎಟುಕುವುದಿಲ್ಲ. ಅವರ ಕೈಯಲ್ಲಿರುವುದು ನಿಮ್ಮ ಫೋನೇ.

ಓದಲು ಸ್ವಲ್ಪ ಹೆಚ್ಚು ಹೊತ್ತು ಹಿಡಿದರೆ ಏನಾಯಿತು ಎಂದು ಕೇಳಬಹುದು. ಗ್ಲೈಡರಿಗೆ ರೇಡಾರ್ ಇಲ್ಲ. ಎದುರಿಗೆ ಬರುವವರನ್ನು ಕಣ್ಣಿನಿಂದಲೇ ಕಂಡು ತಪ್ಪಿಸಿಕೊಳ್ಳಬೇಕು. ಎರಡು ಗ್ಲೈಡರ್‌ಗಳು ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಬಂದರೆ ನಡುವಿನ ಅಂತರ ಸೆಕೆಂಡಿಗೆ 83 ಮೀಟರ್ ಕರಗುತ್ತದೆ. ಮಂಕಾದ ಪರದೆಯಲ್ಲಿ ಒಂದು ಸಂಖ್ಯೆ ಹುಡುಕಲು ಮೂರು ಸೆಕೆಂಡ್ ತಗ್ಗಿ ನೋಡಿದರೆ ಕಾಲು ಕಿಲೋಮೀಟರ್ ಹೋಯಿತು. ಜೊತೆಗೆ ಕಣ್ಣು ದೂರದ ಆಕಾಶದಿಂದ ಅರ್ಧ ಮೀಟರ್ ಹತ್ತಿರಕ್ಕೆ ಹೊಂದಿಕೊಳ್ಳಬೇಕು, ಮತ್ತೆ ದೂರಕ್ಕೆ ಮರಳಬೇಕು. ನಲವತ್ತು ದಾಟಿದವರಿಗೆ ಇದು ತಡವಾಗುತ್ತದೆ. ಒಂದೇ ಥರ್ಮಲ್‌ನಲ್ಲಿ ಐದಾರು ಗ್ಲೈಡರ್ ಒಟ್ಟಿಗೆ ಸುತ್ತುತ್ತಿರುವಾಗ ಪರದೆಗೆ ಕೊಡಲು ನನ್ನ ಬಳಿ ಇರುವುದು ಒಂದೇ ನೋಟ.

ಈ ಕಾರಣಕ್ಕೇ ನಮ್ಮ ಉಪಕರಣ ಮಾಡುವವರು ಕಿವಿಯನ್ನು ನಂಬಿದರು. ವೇರಿಯೋಮೀಟರ್ ಎಂಬ ಯಂತ್ರ ಗ್ಲೈಡರ್ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಸ್ವರದಲ್ಲಿ ಹೇಳುತ್ತದೆ. ಏರುವಾಗ ಚುರುಕಾದ ಬೀಪ್, ಇಳಿಯುವಾಗ ಎಳೆದ ತಗ್ಗಿನ ದನಿ. ಕಣ್ಣು ಹೊರಗೇ ಇರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಫ್ಲಾರ್ಮ್ ಎಂಬ ಡಿಕ್ಕಿ ಎಚ್ಚರಿಕೆ ಯಂತ್ರವೂ ಹಾಗೇ. ಸದ್ದು ಮಾಡುತ್ತದೆ, ಯಾವ ದಿಕ್ಕಿನಿಂದ ಅಪಾಯ ಎಂದು ಸಣ್ಣ ದೀಪಗಳಲ್ಲಿ ತೋರಿಸುತ್ತದೆ. ಈ ಯಂತ್ರಗಳನ್ನು ಮಾಡಿದವರು ಪೈಲಟ್‌ಗೆ ಎಷ್ಟು ಹೊತ್ತಿದೆ ಎಂಬ ಪ್ರಶ್ನೆಯಿಂದ ಶುರು ಮಾಡಿದರು.

ಸಾಫ್ಟ್‌ವೇರ್ ಬರೆಯುವವರೇ, ಗಾಜು ಬದಲಾಗುವವರೆಗೆ ನಿಮ್ಮ ಕೈಯಲ್ಲೂ ಬಹಳ ಇದೆ. ಡಾರ್ಕ್ ಮೋಡ್ ರಾತ್ರಿಗೆ ಹಿತ. ಬಿಸಿಲಿನಲ್ಲಿ ಕಪ್ಪು ಹಿನ್ನೆಲೆ ಕನ್ನಡಿಯಾಗುತ್ತದೆ, ನಮಗೆ ಕಾಣುವುದು ನಮ್ಮದೇ ಟೋಪಿ. ಬಿಳಿಯ ಮೇಲೆ ಅಚ್ಚ ಕಪ್ಪು, ದಪ್ಪ ಗೆರೆ, ದೊಡ್ಡ ಅಂಕಿ ಇವೇ ಉಳಿಯುವುದು. ತಿಳಿಗುಲಾಬಿ, ತಿಳಿನೀಲಿ ಬಣ್ಣದಲ್ಲಿ ನವಿರಾಗಿ ತುಂಬಿದ ವಾಯುಪ್ರದೇಶದ ಗಡಿಗಳು ಎಲ್ಲಕ್ಕಿಂತ ಮೊದಲು ಮಾಯವಾಗುತ್ತವೆ, ತಪ್ಪಿಸಿಕೊಳ್ಳಬೇಕಾದ ಗೆರೆಗಳೂ ಅವೇ. ಎಕ್ಸ್‌ಸಿಸೋರ್ ಮಾಡಿದ ಸ್ವಯಂಸೇವಕರು ದೊಡ್ಡ ಅಂಕಿಗಳ ಚೌಕಗಳನ್ನು ಕೊಟ್ಟಿದ್ದಾರೆ, ಏನು ಎಲ್ಲಿರಬೇಕು ಎಂಬುದನ್ನು ಪೈಲಟ್‌ಗೇ ಬಿಟ್ಟಿದ್ದಾರೆ. ಥರ್ಮಲ್‌ನ ಅಂಚಿನಲ್ಲಿ ವಿಮಾನ ಎತ್ತಿ ಹಾಕುವಾಗ ಬೆರಳು ಸಣ್ಣ ಗುಂಡಿಯ ಮೇಲೆ ನಿಲ್ಲುವುದಿಲ್ಲ ಎಂಬುದನ್ನೂ ನೆನಪಿಡಿ.

ಗ್ಲೈಡರ್ ಹಾರಿಸುವವರು ಎಷ್ಟು ಮಂದಿ, ಅವರಿಗಾಗಿ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ನಮ್ಮನ್ನು ಬಿಡಿ. ನಿಮ್ಮ ಆಫೀಸಿನ ಗೇಟಿನ ಹೊರಗೆ, ಹೊರವರ್ತುಲ ರಸ್ತೆಯಲ್ಲಿ, ಊಟದ ಪೊಟ್ಟಣ ತರುವ ಹುಡುಗ ಬೈಕ್ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನಿನ ಮೇಲೆ ಅಂಗೈಯಿಂದ ನೆರಳು ಮಾಡಿ ವಿಳಾಸ ಹುಡುಕುತ್ತಾನೆ. ಅವನದೂ ನನ್ನದೂ ಒಂದೇ ಲೆಕ್ಕ, ಅದೇ 1,00,000 ಲಕ್ಸ್. ಅವನ ಸುತ್ತಲೂ ವಾಹನಗಳಿವೆ, ನನ್ನ ಆಕಾಶಕ್ಕಿಂತ ಅವನ ರಸ್ತೆಯಲ್ಲಿ ಜನ ಹೆಚ್ಚು. ಬೆಳೆ ಸಮೀಕ್ಷೆಗೆಂದು ರೈತರು ತಮ್ಮ ಹೊಲದಲ್ಲಿ ನಿಂತು ಆ್ಯಪ್‌ಗೆ ಫೋಟೊ ಹಾಕಬೇಕು ಎಂಬ ವ್ಯವಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಹೊಲದಲ್ಲಿ ಟ್ಯೂಬ್‌ಲೈಟ್ ಇರುವುದಿಲ್ಲ. ಇವರ ಜೇಬಿನಲ್ಲಿರುವುದು ಪ್ರತಿಫಲನ ತಗ್ಗಿಸುವ ಲೇಪನವಿಲ್ಲದ, ಹೊಳಪೂ ಕಡಿಮೆ ಇರುವ ಅಗ್ಗದ ಫೋನ್. ದಿನವೆಲ್ಲ ನೆರಳಿನಲ್ಲಿ ಕೂರುವವರಿಗೆ ಒಳ್ಳೆಯ ಗಾಜು, ದಿನವೆಲ್ಲ ಬಿಸಿಲಿನಲ್ಲಿ ನಿಲ್ಲುವವರಿಗೆ ಕನ್ನಡಿ. ಈ ಹಂಚಿಕೆ ನನ್ನನ್ನು ನೋಯಿಸುತ್ತದೆ.

ನಿಮಗೇ ಬರೆಯಲು ಇನ್ನೊಂದು ಕಾರಣವಿದೆ. ಪರದೆಯ ವಿಜ್ಞಾನಕ್ಕೆ ಬೆಂಗಳೂರು ಹೊಸದಲ್ಲ. 1977ರಲ್ಲಿ ಅಲ್ಲಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಅದುವರೆಗೆ ದ್ರವಸ್ಫಟಿಕವೆಂದರೆ ಕಡ್ಡಿಯಾಕಾರದ ಅಣುಗಳು ಎಂದೇ ಲೆಕ್ಕ. ಚಂದ್ರಶೇಖರ್ ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಮುಂದೆ ಬೇರೆಯವರು ಇಂಥ ತಟ್ಟೆ ಅಣುಗಳ ತೆಳು ಪದರವನ್ನು ಎಲ್‌ಸಿಡಿಯ ಮೇಲೆ ಕೂರಿಸಿ, ಪಕ್ಕದಿಂದ ನೋಡಿದರೂ ಚಿತ್ರ ಕೆಡದಂತೆ ಮಾಡಿದರು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಕಂಡ ಸಂಗತಿ ಲೋಕದ ಮೇಜುಗಳನ್ನು ತಲುಪಿತು. ಪಕ್ಕದಿಂದ ನೋಡುವವರ ಕಷ್ಟಕ್ಕೆ ಪರಿಹಾರ ಸಿಕ್ಕಿದೆ. ಬಿಸಿಲಿನಲ್ಲಿ ನೋಡುವವರ ಕಷ್ಟವೂ ಅದೇ ಊರಿನ ಗಮನಕ್ಕೆ ಬರಲಿ ಎಂದು ಕೇಳುವುದು ಅತಿಯಲ್ಲ ಎಂದುಕೊಂಡಿದ್ದೇನೆ.

ನನ್ನ ಕೋರಿಕೆ ಇಷ್ಟು. ಪೆಟ್ಟಿಗೆಯ ಮೇಲೆ ನಿಟ್ ಪಕ್ಕದಲ್ಲೇ ಇನ್ನೊಂದು ಸಂಖ್ಯೆ ಬರೆಯಿರಿ: ನೇರ ಬಿಸಿಲಿನಲ್ಲಿ, ಎದುರಿಗೆ ಬಿಳಿ ಬಟ್ಟೆ ಇರುವಾಗ, ಫೋನ್ ಬಿಸಿಯಾಗಿ ಒಂದು ಗಂಟೆ ಕಳೆದ ಮೇಲೆ ಉಳಿಯುವ ಅನುಪಾತ. ಪ್ರತಿಫಲನ ತಗ್ಗಿಸುವ ಗಾಜನ್ನು ಅಗ್ಗದ ಫೋನಿಗೂ ಇಳಿಸುವುದಕ್ಕೆ ನಿಮ್ಮ ಮೀಟಿಂಗುಗಳಲ್ಲಿ ವಾದಿಸಿ. ಫೋನ್ ಬಿಸಿಯಾಗಿ ಪರದೆ ಮಂಕಾಗಲಿದೆ ಎಂಬುದನ್ನು ಮೊದಲೇ ದನಿಯಲ್ಲಿ ತಿಳಿಸಿ.

ಇದನ್ನು ಪರೀಕ್ಷಿಸಲು ವಿಮಾನ ಬೇಡ. ಏಪ್ರಿಲ್ ತಿಂಗಳ ಮಧ್ಯಾಹ್ನ ಹನ್ನೆರಡೂವರೆಗೆ ನಿಮ್ಮ ಕಟ್ಟಡದ ತಾರಸಿಗೆ ಬನ್ನಿ, ಬಿಳಿ ಅಂಗಿ ತೊಟ್ಟು ಬನ್ನಿ, ನೀವೇ ಮಾಡಿದ ಫೋನನ್ನು ಮೊಣಕಾಲಿನ ಮೇಲಿಟ್ಟುಕೊಂಡು ಒಂದು ಗಂಟೆ ಕೂರಿ. ಆಮೇಲೆ ಬೇರೆಯವರು ತೆರೆದ ನಕ್ಷೆಯಲ್ಲಿ ಅವರು ಹೇಳಿದ ಅಂಕಿಯನ್ನು ಒಂದೇ ಸೆಕೆಂಡಿನಲ್ಲಿ ಓದಿ. ಸಿಕ್ಕ ಫಲಿತಾಂಶ ಎಂಥದ್ದೇ ಆಗಿರಲಿ, ಪ್ರಕಟಿಸಿ. ಮುಂದಿನ ಬೇಸಿಗೆಗೆ ಯಾವ ಫೋನ್ ಕೊಳ್ಳುವುದು ಎಂಬ ಚರ್ಚೆ ನಮ್ಮ ಕ್ಲಬ್ಬಿನಲ್ಲಿ ಚಳಿಗಾಲದಲ್ಲೇ ಶುರುವಾಗುತ್ತದೆ. ಅದಕ್ಕೆ ಮೊದಲು ನಿಮ್ಮ ಸಂಖ್ಯೆಗಳು ಬಂದರೆ ಅನುಕೂಲ.

ಇಂತಿ ನಿಮ್ಮ ವಿಶ್ವಾಸಿ,
ಕಿರ್ಖೈಮ್‌ನಿಂದ ಒಬ್ಬ ಕನ್ನಡತಿ ಗ್ಲೈಡರ್ ಪೈಲಟ್